ಮಡಿಲಿಗೆ ಬಂದ ಮಗು: ಭೇಟಿಯ ಹಕ್ಕು ಮತ್ತು ನ್ಯಾಸದ ವಿಚಾರ

ವಿಚ್ಛೇದನದ ನಂತರ ತಂದೆ ಒಂದು ರಾಜ್ಯದಲ್ಲೂ ತಾಯಿ ಇನ್ನೊಂದು ರಾಜ್ಯದಲ್ಲೂ ನೆಲೆಸಿದಾಗ, ಮಗುವನ್ನು ಯಾರು, ಯಾವಾಗ, ಎಲ್ಲಿ, ಎಷ್ಟು ಹೊತ್ತು ಕಾಣಬೇಕೆಂಬುದನ್ನು ನ್ಯಾಯಾಲಯ ಗೊತ್ತುಪಡಿಸುತ್ತದೆ. ಮಗು ನಿತ್ಯವೂ ಯಾರ ಮನೆಯಲ್ಲಿ ಬೆಳೆಯಬೇಕೆಂಬ ತೀರ್ಮಾನಕ್ಕೆ ಸುಪರ್ದಿ ಎಂದೂ, ಮಗುವಿನ ಶರೀರ ಮತ್ತು ಆಸ್ತಿಯ ವಿಚಾರದಲ್ಲಿ ಅದರ ಪರವಾಗಿ ನಿರ್ಧರಿಸುವ ಅಧಿಕಾರಕ್ಕೆ ಪೋಷಕತ್ವ ಎಂದೂ, ಸುಪರ್ದಿ ದೊರೆಯದವರು ಗೊತ್ತಾದ ದಿನಗಳಲ್ಲಿ ಮಗುವನ್ನು ಕಂಡು ಅದರೊಡನೆ ಕಾಲ ಕಳೆಯುವ ಅವಕಾಶಕ್ಕೆ ಭೇಟಿಯ ಹಕ್ಕು ಎಂದೂ ಹೆಸರಿದೆ. ವ್ಯವಹಾರದ ಮಟ್ಟಿಗೆ ಈ ವಿಂಗಡಣೆ ಸಾಕು. ಆದರೆ ಭೇಟಿ ಎನ್ನುವುದು ಯಾರ ಹಕ್ಕು ಎಂದು ಕೇಳಿದೊಡನೆ, ಮಗು ಯಾರಿಗೆ ಸೇರಿದ್ದು, ಅದು ಒಬ್ಬರಿಗೆ ಸೇರಿದ್ದು ಎಂದು ಹೇಳುವುದಾದರೂ ಸರಿಯೆ ಎಂಬ ಹಿಂದಿನ ಪ್ರಶ್ನೆ ಎದುರಾಗುತ್ತದೆ. ಈ ಪ್ರಶ್ನೆಯನ್ನು ಕಾನೂನಿಗಿಂತ ಬಹಳ ಮೊದಲೇ ಧರ್ಮಶಾಸ್ತ್ರ, ಪುರಾಣ ಮತ್ತು ವೇದಾಂತಗಳು ಎತ್ತಿಕೊಂಡಿದ್ದವು. ಅವು ಕೊಟ್ಟ ಉತ್ತರಗಳಲ್ಲಿ ಒಂದು ಕರಿಘಟ್ಟದ ಸುತ್ತಲಿನ ನಾಡಿನಲ್ಲೇ ಬೇರೂರಿ ಬೆಳೆದಿದ್ದು, ಇಂದಿನ ತಂದೆತಾಯಿಗೂ ನ್ಯಾಯಾಧೀಶರಿಗೂ ದಾರಿ ತೋರಬಲ್ಲಷ್ಟು ಸತ್ವವನ್ನು ಉಳಿಸಿಕೊಂಡಿದೆ.

ಲೋಕಪಾವನಿ ಹೊಳೆ ಕಾವೇರಿಯನ್ನು ಕೂಡುವ ಕಡೆ, ಶ್ರೀರಂಗಪಟ್ಟಣಕ್ಕೆ ಹತ್ತಿರದಲ್ಲಿ ನಿಂತಿರುವ ಕರಿಘಟ್ಟವು ಜನ ಬೈರಾಗಿ ವೆಂಕಟರಮಣನೆಂದು ಕರೆಯುವ ಶ್ರೀನಿವಾಸನ ನೆಲೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಈ ಸೀಮೆಯನ್ನು ನೀರಾವರಿಯ ಹಸಿರಿನಿಂದಷ್ಟೇ ಗುರುತಿಸುವುದು ವಾಡಿಕೆಯಾದರೂ, ನಾಲೆಯ ನೀರು ಸಾಲದ ಹಳ್ಳಿಗಳಿಂದ, ಮುಖ್ಯವಾಗಿ ಕೃಷ್ಣರಾಜಪೇಟೆ ಮತ್ತು ನಾಗಮಂಗಲದ ಕಡೆಯಿಂದ, ಅನೇಕ ಕುಟುಂಬಗಳು ದುಡಿಮೆಗಾಗಿ ಮುಂಬೈ ಸೇರಿವೆ. 2020ರ ಮೇ ತಿಂಗಳಲ್ಲಿ ಕೊರೋನಾದ ಕಾರಣದಿಂದ ಮುಂಬೈಯಿಂದ ಮಂಡ್ಯ ಜಿಲ್ಲೆಗೆ ಮರಳಿದವರ ಸುದ್ದಿ ದಿನವೂ ಪತ್ರಿಕೆಗಳಲ್ಲಿ ಬಂದಾಗ ಈ ನಂಟು ಎಷ್ಟು ದಟ್ಟವಾದುದೆಂಬುದು ಉಳಿದ ನಾಡಿಗೂ ತಿಳಿಯಿತು. ಇಂಥ ಕುಟುಂಬದಲ್ಲಿ ಸಂಸಾರ ಮುರಿದರೆ ಹೆಂಡತಿ ಮಗುವಿನೊಡನೆ ತವರಿಗೆ ಮರಳುವುದು, ಗಂಡ ದುಡಿಮೆಯ ಊರಿನಲ್ಲೇ ಉಳಿಯುವುದು ಸಾಮಾನ್ಯವಾಗಿ ಆಗುವ ಕ್ರಮ. ಆಗ ತಂದೆಗೂ ಮಗುವಿಗೂ ನಡುವೆ ಸುಮಾರು ಸಾವಿರ ಕಿಲೋಮೀಟರಿನ ದಾರಿಯೂ ಒಂದು ರಾಜ್ಯದ ಗಡಿಯೂ ಬಂದು ನಿಲ್ಲುತ್ತವೆ. ಬೆಂಗಳೂರಿನ ಕೆಲಸ ಬಿಟ್ಟು ಹೈದರಾಬಾದಿಗೋ ಚೆನ್ನೈಗೋ ಹೋದವರ ಪಾಡೂ ಇದೇ ಬಗೆಯದು.

ಮಗುವನ್ನು ರಾಜ್ಯದಿಂದ ರಾಜ್ಯಕ್ಕೆ ಒಪ್ಪಿಸುವುದರ ಅತ್ಯಂತ ಕಠೋರ ರೂಪವನ್ನು ಈ ನೆಲ ಕಂಡಿದೆ. 1792ರ ಫೆಬ್ರವರಿ 6ರ ರಾತ್ರಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣದ ಹೊರವಲಯದ ಮೇಲೆ ಬಿದ್ದಾಗ ಕರಿಘಟ್ಟದ ಮೇಲಿದ್ದ ಟಿಪ್ಪು ಸುಲ್ತಾನನ ಠಾಣೆ ಮ್ಯಾಕ್ಸ್‌ವೆಲ್ಲನ ತುಕಡಿಯ ವಶವಾಯಿತು. ಮುಂದಿನ ಕೆಲವೇ ದಿನಗಳಲ್ಲಿ ಗೊತ್ತಾದ ಸಂಧಿಯ ಷರತ್ತುಗಳಲ್ಲಿ ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿಗಳ ಜೊತೆಗೆ ಸುಲ್ತಾನನ ಇಬ್ಬರು ಗಂಡುಮಕ್ಕಳೂ ಸೇರಿದ್ದರು. ಹತ್ತು ಮತ್ತು ಎಂಟು ವರ್ಷದ ಆಸುಪಾಸಿನಲ್ಲಿದ್ದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನರನ್ನು ಫೆಬ್ರವರಿ 26ರಂದು ಒತ್ತೆಯಾಗಿ ಒಪ್ಪಿಸಲಾಯಿತು, ಅವರು ಮದರಾಸಿನಲ್ಲಿ ಉಳಿದು, ಹಣ ಸಂದಾಯವಾದ ಮೇಲೆ 1794ರಲ್ಲಿ ತಂದೆಯನ್ನು ಸೇರಿದರು. ಆ ಒಪ್ಪಿಸುವಿಕೆಯನ್ನು ಬ್ರಿಟಿಷ್ ಚಿತ್ರಕಾರರು ಮೇಲಿಂದ ಮೇಲೆ ಬರೆದು, ಕಾರ್ನ್‌ವಾಲಿಸನನ್ನು ವಾತ್ಸಲ್ಯದ ತಂದೆಯಂತೆ ತೋರಿಸಿದರು. ಆ ಚಿತ್ರಗಳಲ್ಲಿ ಮಕ್ಕಳ ತಾಯಂದಿರಿಗೆ ಸ್ಥಳವಿಲ್ಲ. ಒತ್ತೆಯ ಈ ತರ್ಕ ಯುದ್ಧದೊಡನೆ ಮುಗಿದುಹೋಗಿಲ್ಲ. ಜೀವನಾಂಶ ಬಂದರೆ ಮಗುವನ್ನು ತೋರಿಸುವುದು, ಮಗುವನ್ನು ತೋರಿಸಿದರೆ ಜೀವನಾಂಶ ಕೊಡುವುದು ಎಂದು ಇಬ್ಬರೂ ಹಟ ಹಿಡಿದ ಮನೆಯಲ್ಲಿ ಮಗು ಸಾಲಕ್ಕೆ ಇಟ್ಟ ಒತ್ತೆಯೇ ಆಗಿರುತ್ತದೆ. ಜೀವನಾಂಶವೂ ಭೇಟಿಯೂ ಎರಡೂ ಮಗುವಿಗೆ ಸಲ್ಲಬೇಕಾದವು, ಒಂದಕ್ಕೆ ಇನ್ನೊಂದು ಬೆಲೆಯಲ್ಲ.

ಒತ್ತೆಗಿಂತ ಸೌಮ್ಯವಾಗಿ ಕಂಡರೂ ಅದಕ್ಕಿಂತ ಆಳಕ್ಕೆ ಇಳಿದಿರುವುದು ಒಡೆತನದ ಕಲ್ಪನೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಬೀಜ ಹೆಚ್ಚೋ ಕ್ಷೇತ್ರ ಹೆಚ್ಚೋ ಎಂದು ದೀರ್ಘವಾಗಿ ಚರ್ಚಿಸುತ್ತದೆ. ಬೀಜವೆಂದರೆ ತಂದೆ, ಕ್ಷೇತ್ರವೆಂದರೆ ತಾಯಿ, ಫಸಲು ಯಾರ ಪಾಲಿಗೆ ಎಂಬುದು ವಾದ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದುಷ್ಯಂತನ ಸಭೆಯಲ್ಲಿ ಕೇಳಿಬರುವ ಅಶರೀರವಾಣಿ ತಾಯಿಯನ್ನು ಬರಿಯ ಚರ್ಮದ ಚೀಲಕ್ಕೆ ಸಮಾನಳೆಂದು ಸಾರಿ, ಮಗನನ್ನು ತಂದೆಗೆ ಸೇರಿದವನೆಂದು ತೀರ್ಪು ಕೊಡುತ್ತದೆ. ತನ್ನ ಮಗನ ಪರವಾಗಿ ಅದೇ ಸಭೆಯಲ್ಲಿ ಅಷ್ಟು ಧೀರವಾಗಿ ವಾದಿಸಿದ ಶಕುಂತಲೆಯ ಮಾತಿನ ಮುಂದೆ ಈ ತೀರ್ಪು ಬಡವಾಗಿ ಕೇಳುತ್ತದೆ ಎನ್ನದೆ ವಿಧಿಯಿಲ್ಲ. ಶಂತನು ಮತ್ತು ಗಂಗೆಯ ಕಥೆ ಇದಕ್ಕಿಂತ ಹೆಚ್ಚು ಸೂಕ್ಷ್ಮವಾದುದು: ಕೊಟ್ಟ ಮಾತು ಮುರಿದುದರಿಂದ ದಾಂಪತ್ಯ ಮುಗಿಯುತ್ತದೆ, ತಾಯಿ ಎಳೆಯ ದೇವವ್ರತನನ್ನು ಕರೆದುಕೊಂಡು ತನ್ನ ಲೋಕಕ್ಕೆ ಹೋಗುತ್ತಾಳೆ, ಶಾಸ್ತ್ರ ಮತ್ತು ಶಸ್ತ್ರಗಳಲ್ಲಿ ಪಳಗಿಸಿ ವರ್ಷಗಳ ಮೇಲೆ ತಂದೆಗೆ ಒಪ್ಪಿಸಿ ಮರೆಯಾಗುತ್ತಾಳೆ. ಇಲ್ಲಿ ಜಗಳವಿಲ್ಲ, ದ್ವೇಷವಿಲ್ಲ, ಬೆಳೆಸುವ ಹೊಣೆ ಚೆನ್ನಾಗಿ ನಿರ್ವಹಣೆಯಾಗಿದೆ. ಆದರೂ ಮಗ ಮೊದಲು ತಂದೆಯಿಲ್ಲದೆ ಬೆಳೆಯುತ್ತಾನೆ, ಆಮೇಲೆ ತಾಯಿಯಿಲ್ಲದೆ ಬಾಳುತ್ತಾನೆ, ನದಿಯ ದಡದಲ್ಲಿ ಎದುರಾದ ಮಗನನ್ನು ತಂದೆ ಗುರುತಿಸಲಾರದೆ ಹೋಗುತ್ತಾನೆ. ಸುಪರ್ದಿಯ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕ ಮೇಲೂ ಭೇಟಿಯ ಪ್ರಶ್ನೆ ಹಾಗೆಯೇ ಉಳಿಯಬಹುದೆಂಬುದಕ್ಕೆ ಈ ಕಥೆಗಿಂತ ಬೇರೆ ನಿದರ್ಶನ ಬೇಕಿಲ್ಲ.

ಆಧುನಿಕ ಕಾನೂನು ಒಡೆತನದಿಂದ ಮೆಲ್ಲಮೆಲ್ಲನೆ ದೂರ ಸರಿದಿದೆ. 1890ರ ಪೋಷಕರು ಮತ್ತು ಪಾಲಿತರ ಅಧಿನಿಯಮ (ಪಾಲಿತರೆಂದರೆ ಪೋಷಕರ ರಕ್ಷಣೆಯಲ್ಲಿರುವ ಅಪ್ರಾಪ್ತ ವಯಸ್ಕರು) ಮಗುವಿನ ಹಿತವನ್ನು ನೋಡಬೇಕೆಂದಿತು. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮ 13ನೆಯ ಕಲಮಿನಲ್ಲಿ ಆ ಹಿತವೇ ಪರಮವೆಂದು ಸಾರಿತಾದರೂ, 6ನೆಯ ಕಲಮಿನಲ್ಲಿ ತಂದೆಯನ್ನು ಸಹಜ ಪೋಷಕನೆಂದೂ ಅವನ ನಂತರ ತಾಯಿಯೆಂದೂ ಹೇಳಿತು, ಐದು ವರ್ಷ ತುಂಬದ ಮಗು ಮಾತ್ರ ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದಿತು. ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಲಮನ್ನು, ತಂದೆ ಬದುಕಿರುವಾಗಲೂ ಮಗುವಿನ ಹೊಣೆ ಹೊರದ ಸಂದರ್ಭದಲ್ಲಿ ತಾಯಿ ಪೋಷಕಿಯಾಗಬಲ್ಲಳೆಂಬಂತೆ ಅರ್ಥೈಸಿತು. ಭಾರತ 1992ರಲ್ಲಿ ಒಪ್ಪಿಕೊಂಡ, 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೆಯ ವಿಧಿ, ಹಿತಕ್ಕೆ ವಿರುದ್ಧವಾಗದ ಹೊರತು ಇಬ್ಬರು ತಂದೆತಾಯಿಯೊಡನೆಯೂ ನಿಯತವಾದ ನೇರ ಸಂಪರ್ಕ ಇಟ್ಟುಕೊಳ್ಳುವುದು ಮಗುವಿನ ಹಕ್ಕೆಂದು ಸ್ಪಷ್ಟವಾಗಿ ಹೇಳುತ್ತದೆ. 2015ರಲ್ಲಿ ಕಾನೂನು ಆಯೋಗದ 257ನೆಯ ವರದಿ ಜಂಟಿ ಸುಪರ್ದಿಗೆ ಕಾನೂನಿನಲ್ಲಿ ಅವಕಾಶ ಮಾಡಬೇಕೆಂದು ಶಿಫಾರಸು ಮಾಡಿತು. 2020ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ತಂದೆತಾಯಿ ಬೇರೆ ಬೇರೆ ರಾಜ್ಯಗಳಲ್ಲೋ ದೇಶಗಳಲ್ಲೋ ಇರುವಾಗ ಭೇಟಿಯ ಜೊತೆಗೆ ಸಂಪರ್ಕದ ಹಕ್ಕೂ ಮುಖ್ಯವೆಂದು ಗುರುತಿಸಿ, ದಿನವೂ ಐದು ಹತ್ತು ನಿಮಿಷವಾದರೂ ಮಗುವಿನೊಡನೆ ಮಾತನಾಡುವ ಅವಕಾಶ ಇರಬೇಕೆಂದೂ ಅದಕ್ಕೆ ವಿಡಿಯೋ ಕರೆ ಉತ್ತಮವೆಂದೂ ಹೇಳಿತು.

ಇಷ್ಟಾದರೂ ಹಕ್ಕು ಎಂಬ ಮಾತಿನ ಒಳಗೆ ಒಡೆತನ ಹಿಂಬಾಗಿಲಿನಿಂದ ಮರಳಿ ಬರುವ ದಾರಿ ತೆರೆದೇ ಇದೆ. ನ್ಯಾಯಾಲಯದ ಮುಂದೆ ಅರ್ಜಿ ಹಾಕುವವರು ತಂದೆ ಅಥವಾ ತಾಯಿ. ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ತಮ್ಮವೆಂದು, ಬೇಸಗೆ ರಜೆಯ ಅರ್ಧ ತಮ್ಮದೆಂದು ಅವರು ವಾದಿಸುವಾಗ ಹಂಚಿಕೆಯಾಗುವುದು ಮಗುವಿನ ಕಾಲ. ಹಿತವೇ ಪರಮವೆಂಬ ತತ್ವ ನ್ಯಾಯಾಧೀಶರಿಗೆ ಅಳತೆಗೋಲು ಕೊಟ್ಟಿತೇ ಹೊರತು, ತಂದೆತಾಯಿ ತಮ್ಮ ಮನಸ್ಸಿನಲ್ಲಿ ಮಗುವಿನ ಮುಂದೆ ತಾವು ಯಾರಾಗಿ ನಿಲ್ಲಬೇಕೆಂಬುದನ್ನು ಹೇಳಿಕೊಡಲಿಲ್ಲ. ಶ್ರೀವೈಷ್ಣವ ವೇದಾಂತದ ನ್ಯಾಸ ವಿಚಾರ ಉಪಯೋಗಕ್ಕೆ ಬರುವುದು ಇಲ್ಲಿಯೇ. ನ್ಯಾಸವೆಂದರೆ ನಂಬಿ ಒಪ್ಪಿಸುವುದು. ಜೀವ ತನ್ನನ್ನು ಕಾಪಾಡಿಕೊಳ್ಳುವ ಭಾರವನ್ನು ಭಗವಂತನಲ್ಲಿ ಇಡುವ ಶರಣಾಗತಿಗೆ ಆ ಹೆಸರು. ಇದಕ್ಕೆ ಬುನಾದಿಯಾಗಿರುವುದು ರಾಮಾನುಜರ ಶೇಷ–ಶೇಷಿ ಭಾವ: ಯಾವುದರ ಸ್ವಭಾವವೇ ಇನ್ನೊಬ್ಬರ ಹಿರಿಮೆಗಾಗಿ ಇರುವುದೋ ಅದು ಶೇಷ, ಯಾರಿಗಾಗಿ ಇರುವುದೋ ಅವನು ಶೇಷಿ, ಎಲ್ಲ ಜೀವಿಗಳೂ ಭಗವಂತನಿಗೆ ಮಾತ್ರ ಶೇಷವಾದುದರಿಂದ ಒಬ್ಬ ಮನುಷ್ಯ ಇನ್ನೊಬ್ಬನ ಒಡೆಯನಾಗಲಾರ. ಈ ಮಾತನ್ನು ಕೊನೆಯವರೆಗೆ ಕೊಂಡೊಯ್ದರೆ ಮಗುವೂ ತಂದೆತಾಯಿಗೆ ಸೇರಿದ್ದಲ್ಲ, ಅವರಲ್ಲಿ ಇಡಲಾದದ್ದು. ದೇವರನ್ನು ನಂಬದವರೂ ಈ ವಿಚಾರದ ತಿರುಳನ್ನು ಒಪ್ಪಿಕೊಳ್ಳಬಹುದು, ಏಕೆಂದರೆ ಮಗು ಮುಂದೆ ಸ್ವತಂತ್ರ ಮನುಷ್ಯನಾಗಲಿರುವುದರಿಂದ ಅದನ್ನು ಆ ಮನುಷ್ಯನಿಗಾಗಿಯೇ ಕಾಪಾಡಿ ಇಡಲಾಗಿದೆ ಎಂದರೂ ಹೊಣೆಯ ಸ್ವರೂಪ ಬದಲಾಗುವುದಿಲ್ಲ.

ಮಕ್ಕಳನ್ನೇ ಅಕ್ಷರಶಃ ನ್ಯಾಸವಾಗಿ ಒಪ್ಪಿಸಿದ ಪ್ರಸಂಗವೊಂದು ಇದೇ ಪರಂಪರೆಯ ನೆನಪಿನಲ್ಲಿದೆ. 14ನೆಯ ಶತಮಾನದ ಮೊದಲ ಭಾಗದಲ್ಲಿ ತಮಿಳುನಾಡಿನ ಶ್ರೀರಂಗದ ಮೇಲೆ ದಂಡು ಬಂದಾಗ, ರಾಮಾನುಜರ ಶ್ರೀಭಾಷ್ಯಕ್ಕೆ ಶ್ರುತಪ್ರಕಾಶಿಕೆಯೆಂಬ ವ್ಯಾಖ್ಯಾನ ಬರೆದ ವೃದ್ಧ ಸುದರ್ಶನಸೂರಿಗಳು ತಮ್ಮ ಗ್ರಂಥವನ್ನೂ ಇಬ್ಬರು ಎಳೆಯ ಮಕ್ಕಳನ್ನೂ ಆಚಾರ್ಯ ವೇದಾಂತ ದೇಶಿಕರ ಕೈಗೆ ಒಪ್ಪಿಸಿದರೆಂದೂ, ದೇಶಿಕರು ಅವರನ್ನು ಕಾಪಾಡಿಕೊಂಡು ಕೊಳ್ಳೇಗಾಲದ ಕಡೆಯ ಸತ್ಯಗಾಲಕ್ಕೂ ಮೇಲುಕೋಟೆಗೂ ಬಂದು ಉಳಿದರೆಂದೂ ಹೇಳಲಾಗುತ್ತದೆ. ಗ್ರಂಥವನ್ನು ಒಪ್ಪಿಸಿಕೊಂಡವರು ಅದರಲ್ಲಿ ತಮ್ಮ ಹೆಸರು ಬರೆದುಕೊಳ್ಳಬಾರದು, ಹಾಳೆ ಹರಿಯಬಾರದು, ಅದನ್ನು ಅರಿತು ಓದುವವರಿಂದ ಬಚ್ಚಿಡಬಾರದು. ಸುಪರ್ದಿ ಪಡೆದ ತಾಯಿ ಅಥವಾ ತಂದೆ ಮಗುವಿನ ನೆನಪಿನಿಂದ ಇನ್ನೊಬ್ಬರ ಹೆಸರನ್ನು ಅಳಿಸಲು ಹೊರಡುವುದು ಒಪ್ಪಿಸಿಕೊಂಡ ಗ್ರಂಥದ ಹಾಳೆಗಳನ್ನು ಹರಿದಂತೆಯೇ.

ಈ ಚಿಂತನೆಯ ಅತ್ಯಂತ ಸಮೃದ್ಧ ರೂಪ ಇರುವುದು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಚೆಲುವನಾರಾಯಣನ ಐತಿಹ್ಯದಲ್ಲಿ. ಮೇಲುಕೋಟೆಗೆ ಬಂದು ನೆಲೆಸಿದ ರಾಮಾನುಜರು ಮೂಲಮೂರ್ತಿಯನ್ನು ಕಂಡುಕೊಂಡರೂ, ಮೆರವಣಿಗೆಗೆ ಹೊರಡುವ ಉತ್ಸವಮೂರ್ತಿ ಇರಲಿಲ್ಲ. ಅದು ದೆಹಲಿಯ ಸುಲ್ತಾನನ ಅರಮನೆಯಲ್ಲಿದೆಯೆಂದು ಕನಸಿನಲ್ಲಿ ತಿಳಿದು ಅವರು ಅಲ್ಲಿಗೆ ಹೋದಾಗ, ಸುಲ್ತಾನನ ಮಗಳು ಆ ಮೂರ್ತಿಯನ್ನು ತನ್ನ ಕೋಣೆಯಲ್ಲಿಟ್ಟುಕೊಂಡು ಜೀವದಂತೆ ಪ್ರೀತಿಸುತ್ತಿದ್ದಳು. ರಾಮಾನುಜರು ಮಗುವನ್ನು ಕರೆಯುವಂತೆ ಕರೆದರು. ಮೂರ್ತಿ ಗೆಜ್ಜೆಯ ಸದ್ದಿನೊಡನೆ ತಾನಾಗಿ ನಡೆದು ಬಂದು ಅವರ ಮಡಿಲಲ್ಲಿ ಕುಳಿತಿತು. ಆದುದರಿಂದಲೇ ಆ ಮೂರ್ತಿಗೆ ಚೆಲುವಪಿಳ್ಳೆಯೆಂದೂ ಯತಿರಾಜರ, ಅಂದರೆ ರಾಮಾನುಜರ, ಮಗನೆಂಬರ್ಥದ ಯತಿರಾಜ ಸಂಪತ್ಕುಮಾರನೆಂದೂ ಹೆಸರಾಯಿತು. ಅಗಲಿಕೆ ತಾಳಲಾರದ ರಾಜಕುಮಾರಿ ಹಿಂದೆಯೇ ಮೇಲುಕೋಟೆಗೆ ಬಂದು ಸ್ವಾಮಿಯ ಪಾದದಲ್ಲಿ ಐಕ್ಯಳಾದಳು. ಬೀಬಿ ನಾಚಿಯಾರ್ ಎಂಬ ಹೆಸರಿನಲ್ಲಿ ಅವಳಿಗೂ ಅಲ್ಲಿ ಸ್ಥಾನ ದೊರೆಯಿತು. ಪರಂಪರೆ ರಾಮಾನುಜರಿಗೆ ಹೇಳುವ 1017–1137ರ ಕಾಲಕ್ಕೂ 1206ರಲ್ಲಿ ಮೊದಲಾದ ದೆಹಲಿ ಸುಲ್ತಾನರ ಆಳ್ವಿಕೆಗೂ ಹೊಂದಿಕೆಯಿಲ್ಲದಿರುವುದರಿಂದ ಇದನ್ನು ಇತಿಹಾಸವೆಂದು ಓದಲಾಗದು. ಆದರೆ ಭಕ್ತರ ಸಮುದಾಯವೊಂದು ಶತಮಾನಗಳ ಕಾಲ ಇದನ್ನು ಹೀಗೆಯೇ ಹೇಳಿಕೊಂಡು ಬಂದಿರುವುದರಿಂದ, ಅವರು ಯಾವುದನ್ನು ನ್ಯಾಯವೆಂದು ತಿಳಿದಿದ್ದರು ಎಂಬುದಕ್ಕೆ ಇದು ದೃಢವಾದ ಸಾಕ್ಷಿ.

ಆ ನ್ಯಾಯದಲ್ಲಿ ಮೂರು ಸಂಗತಿಗಳು ಒಟ್ಟಿಗೆ ಹೆಣೆದುಕೊಂಡಿವೆ. ದೂರದ ದಾರಿಯನ್ನು ನಡೆದವರು ದೊಡ್ಡವರು, ಮಗು ನಡೆದದ್ದು ಕೋಣೆಯಿಂದ ಮಡಿಲಿನವರೆಗಿನ ಕೆಲವೇ ಹೆಜ್ಜೆ. ಮಗುವನ್ನು ಎಳೆದು ತರಲಿಲ್ಲ, ಕರೆದರು, ಅದು ಬಂದಿತು. 1890ರ ಅಧಿನಿಯಮದ 17ನೆಯ ಕಲಮು ತಿಳಿವಳಿಕೆಯಿಂದ ಆಯ್ಕೆ ಹೇಳಬಲ್ಲ ವಯಸ್ಸಿನ ಮಗುವಿನ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದೆನ್ನುವುದೂ ಇದೇ ದಿಕ್ಕಿನ ಮಾತು. ಕೊನೆಯದಾಗಿ, ವ್ಯಾಜ್ಯದಲ್ಲಿ ಸೋತವಳು ಎನ್ನಬಹುದಾದ ರಾಜಕುಮಾರಿಯನ್ನು ಯಾರೂ ಹೊರಗಟ್ಟಲಿಲ್ಲ. ಬೇರೆ ಧರ್ಮದ, ಬೇರೆ ರಾಜ್ಯದ, ಎದುರು ಪಕ್ಷದ ಹೆಣ್ಣಿನ ಪ್ರೀತಿಯೂ ಪ್ರೀತಿಯೇ ಎಂದು ಆ ದೇಗುಲ ಒಪ್ಪಿಕೊಂಡಿತು. ಸುಪರ್ದಿಯ ಆದೇಶ ಕೈಗೆ ಬಂದವರು ಗೆದ್ದವರಂತೆ ವರ್ತಿಸುವ ಇಂದಿನ ರೂಢಿಗೆ ಇದಕ್ಕಿಂತ ಗಂಭೀರವಾದ ತಿದ್ದುಪಡಿ ಸಿಗಲಾರದು.

ನ್ಯಾಸದ ಈ ದೃಷ್ಟಿಯಿಂದ ನೋಡಿದಾಗ ವ್ಯವಹಾರದ ಅನೇಕ ತೊಡಕುಗಳಿಗೆ ದಿಕ್ಕು ಸಿಗುತ್ತದೆ. ಮಗು ಸಾಮಾನ್ಯವಾಗಿ ವಾಸಿಸುವ ಊರಿನ ನ್ಯಾಯಾಲಯವೇ ಅದರ ಪೋಷಕತ್ವದ ಅರ್ಜಿ ಕೇಳಬೇಕೆಂಬ 1890ರ ಅಧಿನಿಯಮದ 9ನೆಯ ಕಲಮು, ದೊಡ್ಡವರು ಮಗುವಿನ ಬಳಿಗೆ ಬರಬೇಕೆಂಬ ನಿಯಮವೂ ಆಗಿದೆ. ಮುಂಬೈಯ ತಂದೆ ಮಂಡ್ಯ ಜಿಲ್ಲೆಯ ನ್ಯಾಯಾಲಯಕ್ಕೆ ಬರಬೇಕಾಗುವುದನ್ನು ಅವನಿಗಾದ ಅನ್ಯಾಯವೆಂದು ತಿಳಿಯಬೇಕಿಲ್ಲ. ಆದರೆ ವಿಚ್ಛೇದನದ ಮೊಕದ್ದಮೆ ಒಂದು ರಾಜ್ಯದಲ್ಲೂ ಸುಪರ್ದಿಯದು ಇನ್ನೊಂದರಲ್ಲೂ ನಡೆಯುತ್ತಿದ್ದರೆ, ರಾಜ್ಯದಿಂದ ರಾಜ್ಯಕ್ಕೆ ಮೊಕದ್ದಮೆ ವರ್ಗಾಯಿಸುವ ಅಧಿಕಾರ ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೆಯ ಕಲಮಿನಂತೆ ಸರ್ವೋಚ್ಚ ನ್ಯಾಯಾಲಯಕ್ಕೆ ಮಾತ್ರ ಇರುವುದರಿಂದ, ದಿನಗೂಲಿಯಲ್ಲಿ ಬದುಕುವ ತಾಯಿಯೂ ದೆಹಲಿಯ ಬಾಗಿಲು ತಟ್ಟಬೇಕಾಗುತ್ತದೆ, ಅಷ್ಟು ಹೊತ್ತಿಗೆ ಮಗು ಒಂದೆರಡು ತರಗತಿ ದಾಟಿರುತ್ತದೆ. ಪ್ರಯಾಣದ ವೆಚ್ಚವನ್ನು ಬರುವವರ ಮೇಲೆ ಪೂರ್ತಿಯಾಗಿ ಹೊರಿಸುವುದಕ್ಕಿಂತ, ಇಬ್ಬರ ಗಳಿಕೆಯ ಪ್ರಮಾಣದಲ್ಲಿ ಹಂಚಿ ಆದೇಶದಲ್ಲೇ ಬರೆಯುವುದು ನ್ಯಾಯ. ರೈಲಿನ ಟಿಕೆಟ್ಟಿನ ದುಡ್ಡಿಲ್ಲದೆ ತಂದೆ ಬಾರದೆ ಹೋದರೆ ನಷ್ಟವಾಗುವುದು ಮಗುವಿಗೆ ಸಲ್ಲಬೇಕಾದ ಪಾಲು. ಹಾಗೆಯೇ ರಜೆಗೆ ಕರೆದೊಯ್ದ ಮಗುವನ್ನು ಹೇಳಿದ ದಿನ ಮರಳಿ ತಂದೊಪ್ಪಿಸುವುದು ನ್ಯಾಸದ ಮೊದಲ ನಿಯಮ. ಅದನ್ನು ಮುರಿದವರ ಮೇಲೆ ಬೇರೆ ರಾಜ್ಯದ ಉಚ್ಚ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ತಡೆಹಿಡಿದವರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕೆಂಬ ಕೋರಿಕೆ, ಸಲ್ಲಿಸಬೇಕಾಗಿ ಬಂದಾಗ ಮಗು ಕಳೆದುಹೋದ ವಸ್ತುವಿನಂತೆ ಪೊಲೀಸರ ಮೂಲಕ ಹಿಂದಿರುಗುತ್ತದೆ.

ವಿಡಿಯೋ ಕರೆ ಈ ದೂರವನ್ನು ಬಹಳಷ್ಟು ಕುಗ್ಗಿಸಿರುವುದು ನಿಜ, ಅದನ್ನು ತಿರಸ್ಕಾರದಿಂದ ಕಾಣುವುದು ತಪ್ಪು. ಆದರೂ ಅದು ಭೇಟಿಗೆ ಬದಲಿಯಾಗಲಾರದು. ಭಾಗವತದ ಹತ್ತನೆಯ ಸ್ಕಂಧದಲ್ಲಿ ಸೂರ್ಯಗ್ರಹಣದ ಕಾಲಕ್ಕೆ ಕುರುಕ್ಷೇತ್ರದಲ್ಲಿ ಸೇರಿದ ನಂದ ಯಶೋದೆಯರು ಪ್ರಾಯಕ್ಕೆ ಬಂದ ಕೃಷ್ಣ ಬಲರಾಮರನ್ನು ಮಡಿಲಿಗೆ ತೆಗೆದುಕೊಳ್ಳುತ್ತಾರೆ. ಅದಕ್ಕೂ ಮೊದಲು ಕೃಷ್ಣನ ಗೆಳೆಯ ಉದ್ಧವನ ಮೂಲಕ ಸಂದೇಶ ಬಂದಿತ್ತು, ಆದರೆ ಸಂದೇಶದಿಂದ ತೀರದ ಒಂದು ಹಸಿವು ಅಲ್ಲಿ ತೀರುತ್ತದೆ. ಅದಕ್ಕಿಂತ ಗಮನಿಸಬೇಕಾದುದು ದೇವಕಿಯ ನಡತೆ: ಹೆತ್ತವಳಾದ ಅವಳು ಯಶೋದೆಯನ್ನು ಅಪ್ಪಿಕೊಂಡು, ತನ್ನ ಮಕ್ಕಳನ್ನು ಸಾಕಿದ ಋಣವನ್ನು ಎಲ್ಲರ ಎದುರಿಗೆ ಒಪ್ಪಿಕೊಳ್ಳುತ್ತಾಳೆ. ಒಬ್ಬ ಮಗನ ಇಬ್ಬರು ತಾಯಂದಿರು ಹೀಗೆ ಎದುರುಬದುರು ನಿಲ್ಲಬಲ್ಲರೆಂದು ಬರೆದ ಕವಿಗೆ ಮನುಷ್ಯ ಹೃದಯದ ಮೇಲೆ ದೊಡ್ಡ ನಂಬಿಕೆ ಇದ್ದಿರಬೇಕು.

ಮಗುವಿನ ಧರ್ಮ ಮತ್ತು ಭಾಷೆಯ ವಿಚಾರವನ್ನೂ ಆದೇಶಗಳು ಮರೆಯಬಾರದು. ಮುಂಬೈಯಲ್ಲಿ ತಂದೆಯೊಡನೆ ಬೆಳೆಯುವ ಮಗು ಎರಡು ವರ್ಷ ಹಳ್ಳಿಗೆ ಬಾರದಿದ್ದರೆ ಅಜ್ಜಿಯೊಡನೆ ಮಾತನಾಡುವ ಕನ್ನಡವನ್ನು ಕಳೆದುಕೊಳ್ಳಬಹುದು, ಆಗ ಭೇಟಿಯ ದಿನ ಬಂದರೂ ಭೇಟಿಯಾಗುವುದಿಲ್ಲ. ಯುಗಾದಿ, ದಸರೆಯ ರಜೆ, ಮೇಲುಕೋಟೆಯ ವೈರಮುಡಿ, ಊರ ಹಬ್ಬ, ಮನೆದೇವರ ಒಕ್ಕಲು ಇವು ಕೇವಲ ರಜಾದಿನಗಳಲ್ಲ, ಮಗು ತನ್ನ ಬಳಗವನ್ನು ಗುರುತಿಸಿಕೊಳ್ಳುವ ಸಂದರ್ಭಗಳು. ಇವನ್ನು ವರ್ಷಕ್ಕೊಬ್ಬರಂತೆ ಸರದಿಯ ಮೇಲೆ ಹಂಚುವುದೂ ಅಜ್ಜ ಅಜ್ಜಿಯರಿಗೆ ಅದರಲ್ಲಿ ಪಾಲು ಕೊಡುವುದೂ ಸಾಧ್ಯವಿದೆ.

ಈ ಎಲ್ಲ ಮಾತಿಗೂ ಒಂದು ಗಟ್ಟಿಯಾದ ಮಿತಿಯಿದೆ. ನ್ಯಾಸವನ್ನು ಕೆಡಿಸಿದವರಿಗೆ ಅದನ್ನು ಮತ್ತೆ ಒಪ್ಪಿಸಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಹೊಡೆದ, ಹೆದರಿಸಿದ, ಮಗುವಿನ ಕಣ್ಣೆದುರಿಗೆ ತಾಯಿಯನ್ನು ಹಿಂಸಿಸಿದ ತಂದೆಗೆ, ಅಥವಾ ಅಂಥದೇ ತಪ್ಪು ಮಾಡಿದ ತಾಯಿಗೆ, ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ ಮಾತ್ರ ಭೇಟಿ ಕೊಡುವುದು ಅಥವಾ ಪೂರ್ತಿ ನಿಲ್ಲಿಸುವುದು ಮಗುವಿನ ರಕ್ಷಣೆಗೆ ಅಗತ್ಯ. ಇದಕ್ಕಿಂತ ಕಷ್ಟವಾದುದು, ಯಾವ ಹಿಂಸೆಯೂ ನಡೆಯದೆ ಮಗು ತಾನಾಗಿ ಭೇಟಿಯನ್ನು ನಿರಾಕರಿಸುವ ಸಂದರ್ಭ. ಪ್ರೀತಿಸಬೇಕೆಂದು ಯಾವ ನ್ಯಾಯಾಲಯವೂ ಆಜ್ಞೆ ಮಾಡಲಾರದು, ಪ್ರೀತಿ ಬೆಳೆಯುವ ಅವಕಾಶವನ್ನು ಮಾತ್ರ ಕಾಯ್ದಿಡಬಲ್ಲದು. ಆ ನಿರಾಕರಣೆ ಮಗುವಿನದೋ ಅದರ ಬಾಯಿಂದ ಬಂದ ದೊಡ್ಡವರದೋ ಎಂಬುದನ್ನು ತಿಳಿಯಲು ತಾಳ್ಮೆಯಿಂದ, ಇಬ್ಬರೂ ಇಲ್ಲದ ಕಡೆ, ಮಗು ಆಡುವ ಭಾಷೆಯಲ್ಲೇ ಅದರೊಡನೆ ಮಾತನಾಡಬೇಕಾಗುತ್ತದೆ. 1955ರ ಹಿಂದೂ ವಿವಾಹ ಅಧಿನಿಯಮದ 26ನೆಯ ಕಲಮು ಸುಪರ್ದಿಯ ಆದೇಶವನ್ನು ಕಾಲಕಾಲಕ್ಕೆ ಬದಲಿಸಲು ಅವಕಾಶ ಕೊಟ್ಟಿರುವುದರಿಂದ, ಆರು ವರ್ಷದ ಮಗು ಬೇಡವೆಂದದ್ದನ್ನು ಹನ್ನೆರಡನೆಯ ವಯಸ್ಸಿನಲ್ಲಿ ಮತ್ತೆ ಕೇಳಬಹುದು. ಅಲ್ಲಿಯವರೆಗೆ ದೂರದ ರಾಜ್ಯದಲ್ಲಿರುವ ತಂದೆ ಅಥವಾ ತಾಯಿ, ಉತ್ತರ ಬರಲಿ ಬಾರದಿರಲಿ, ಹೇಳಿದ ಹೊತ್ತಿಗೆ ಕರೆ ಮಾಡುವುದನ್ನೂ ಹುಟ್ಟುಹಬ್ಬಕ್ಕೆ ಕಾಗದ ಬರೆಯುವುದನ್ನೂ ಬಿಡಬಾರದು.